ಅಡ್ಡಕ್ಕೆ ಮಾಡು, ಅಷ್ಟೇಯ

ನಮ್ಮ ಮಂಡ್ಯ ಕಡೆ ಮದುವೆಗೆ ಬರದಿದ್ದರೆ ಕ್ಷಮೆ ಇದೆ, ಬೀಗರ ಊಟಕ್ಕೆ ಬರದಿದ್ದರೆ ಇಲ್ಲ. ಧಾರೆ ಹೊತ್ತಿಗೆ ಬಸ್ಸು ಸಿಗಲಿಲ್ಲ ಅಂದರೆ ನಂಬುತ್ತಾರೆ. ಬಾಡೂಟದ ಹೊತ್ತಿಗೆ ಬಸ್ಸು ಸಿಗಲಿಲ್ಲ ಅಂದರೆ, "ನಡ್ಕೊಂಡು ಬರಕ್ಕೇನಾಗಿತ್ತು?" ಅಂತಾರೆ.

ಅದಕ್ಕೇ ಅಕ್ಕನ ಮಗನ ಮದುವೆ ಮುಗಿದ ಮಾರನೇ ದಿನವೇ ಭಾವ ವಿದ್ಯಾನಗರದ ನಮ್ಮ ಮನೆಗೆ ಬಂದು ಕೂತರು. ಬೀಗರ ಊಟ ಬುಧವಾರಕ್ಕೆ ಗೊತ್ತಾಗಿತ್ತು. ಸೋಮವಾರ, ಶನಿವಾರ ಬಾಡು ಮುಟ್ಟದವರು ಬಹಳ ಮಂದಿ ಇರುವುದರಿಂದ ಬಾಡೂಟದ ಪಂಚಾಂಗ ಮೊದಲೇ ಚಿಕ್ಕದು.

"ಬಾಮೈದ, ಕಾರ್ಡ್ ಪ್ರಿಂಟ್ ಮಾಡ್ಸಕ್ಕೆ ಟೈಮಿಲ್ಲ ಕಣ. ನೀನು ಕಂಪ್ಯೂಟ್ರಲ್ಲಿ ಏನೋ ಗೀಚ್ತಿಯಲ್ಲ, ಅದ್ರಲ್ಲೇ ಒಂದು ಮಾಡ್ಕೊಡು. ವಾಟ್ಸಪ್ಪಲ್ಲಿ ಬುಡ್ತೀನಿ."

ನಾನು ಗೀಚುವುದು ಇಂಕ್‌ಸ್ಕೇಪ್‌ನಲ್ಲಿ. ಮಗಳ ಶಾಲೆಯ ಚಾರ್ಟುಗಳನ್ನು ಮಾಡಿಕೊಡುತ್ತಾ ಕೈ ಕುದುರಿಸಿಕೊಂಡದ್ದು. 2003ರಿಂದ ಇರುವ, ಇವತ್ತಿಗೂ ಒಂದು ಕಾಸು ಕೇಳದ ತಂತ್ರಾಂಶ. ನಾನು ಅದನ್ನು ಆರಿಸಿಕೊಂಡ ಕಾರಣ ಎರಡನೆಯದು. ಇದರ ಹೆಚ್ಚುಗಾರಿಕೆ ಏನೆಂದರೆ, ಗೆರೆಗಳನ್ನು ಚುಕ್ಕೆ ಚುಕ್ಕೆಯಾಗಿ ಇಟ್ಟುಕೊಳ್ಳದೆ ಲೆಕ್ಕವಾಗಿ ಇಟ್ಟುಕೊಳ್ಳುತ್ತದೆ. ಅಂಚೆಚೀಟಿಯಷ್ಟಿದ್ದ ಗಣಪತಿಯನ್ನು ಗೋಡೆಯಷ್ಟು ಹಿಗ್ಗಿಸಿದರೂ ಸೊಂಡಿಲಿನ ಅಂಚು ಒಡೆಯುವುದಿಲ್ಲ. ಇದಕ್ಕೇ ವೆಕ್ಟರ್ ಅನ್ನುತ್ತಾರೆ ಎಂದು ಭಾವನಿಗೆ ವಿವರಿಸಿದೆ. ಭಾವ ಕಾಫಿ ಲೋಟ ಕೆಳಗಿಟ್ಟು, "ಗಣಪತಿ ಇರ್ಲಿ, ಊಟದ ಟೈಮ್ ಸರಿಯಾಗಿ ಹಾಕು" ಅಂದರು.

ಕಾರ್ಡು ಚೆನ್ನಾಗಿಯೇ ಬಂತು. ಎ4 ಅಳತೆ, ಕುಂಕುಮದ ಬಣ್ಣದ ಹಿನ್ನೆಲೆ, ಮೇಲೆ ಗಣಪತಿ, ನಡುವೆ ಹುಡುಗ ಹುಡುಗಿಯ ಫೋಟೋ, ಅದರ ಕೆಳಗೆ 'ಬೀಗರ ಔತಣ', ಆಮೇಲೆ ಸುಖಾಗಮನ ಬಯಸುವವರ ಹೆಸರುಗಳು. ಎಲ್ಲಕ್ಕಿಂತ ಕೆಳಗೆ, ಒಂದು ಸಾಲನ್ನು ಪೂರ್ತಿ ಅವರೊಬ್ಬರಿಗೇ ಬಿಟ್ಟುಕೊಟ್ಟು, ದಪ್ಪಕ್ಷರದಲ್ಲಿ, ಭಾವನ ಅಣ್ಣನ ಹೆಸರು ಮತ್ತು 'ಇವರ ಆಶೀರ್ವಾದಗಳೊಂದಿಗೆ'. ಅವರು ನಿವೃತ್ತ ಮೇಷ್ಟ್ರು. ನನಗೆ ದೊಡ್ಡ ಭಾವ. ಆ ಮನೆಯಲ್ಲಿ ಸೌದೆ ಒಡೆಯುವುದಕ್ಕೂ ಅವರ ಕಡೆ ಒಂದು ಸಲ ನೋಡಿಯೇ ಕೊಡಲಿ ಎತ್ತುತ್ತಾರೆ. ಹಾಗಾಗಿ ಗೌರವಕ್ಕೆ ಪ್ರತ್ಯೇಕ ಸಾಲು. ಈ ಗೌರವವೇ ಮುಂದೆ ಅವರಿಗೆ ಮುಳುವಾಯಿತು, ಅವರ ಮೂಲಕ ನನಗೆ.

ಸೋಮವಾರ ರಾತ್ರಿ ಹತ್ತೂವರೆಗೆ ಭಾವನ ಫೋನು.

"ಕಾರ್ಡ್ ಎಲ್ರಿಗೂ ಒಪ್ಕೆ ಆಯ್ತು. ಅದ್ನೇ ಒಂದು ಬ್ಯಾನರ್ ಮಾಡ್ಸಿಬುಡು, ಶಾಮಿಯಾನದ ಬಾಗಿಲ್ಗೆ ಕಟ್ಟಕ್ಕೆ. ಅಣ್ಣ ಪ್ಲಾಸ್ಟಿಕ್ ಬ್ಯಾಡ ಅಂತಾನೆ, 2016ರಲ್ಲೇ ಸರ್ಕಾರ ಫ್ಲೆಕ್ಸ್ ನಿಷೇಧ ಮಾಡದೆ ಅಂತೆ. ಬಟ್ಟೆ ಮ್ಯಾಗೆ ಹೊಡ್ಸು. ಆರಡಿ ಅಗಲ, ಮೂರಡಿ ಎತ್ರ."

"ಭಾವ, ಕಾರ್ಡು ಉದ್ದಕ್ಕಿದೆ. ಪೋರ್ಟ್ರೇಟ್. ಬ್ಯಾನರಿಗೆ ಲ್ಯಾಂಡ್‌ಸ್ಕೇಪ್ ಬೇಕು."

"ಲ್ಯಾಂಡ್ ಅಂದ್ರೆ ಜಮೀನು ತಾನೆ? ನಮ್ಮ ಗದ್ದೆ ನೋಡು, ನಾಲೆ ಪಕ್ಕ ಹೆಂಗೆ ಅಡ್ಡಕ್ಕೆ ಬಿದ್ದದೆ, ಅಂಗೆ. ಅಡ್ಡಕ್ಕೆ ಮಾಡು, ಅಷ್ಟೇಯ."

ಭಾವ ತಮಾಷೆಗೆ ಅಂದರೂ ಅರ್ಥ ಹೆಚ್ಚುಕಡಿಮೆ ಸರಿಯೇ. ಚಿತ್ರಕಾರರು ಮನುಷ್ಯರ ಮುಖ ಬರೆಯುವಾಗ ಹಾಳೆಯನ್ನು ನಿಲ್ಲಿಸಿದರು, ಹೊಲ ಗದ್ದೆ ಬೆಟ್ಟ ಬರೆಯುವಾಗ ಮಲಗಿಸಿದರು. ಆ ಹೆಸರುಗಳೇ ಕಂಪ್ಯೂಟರಿಗೂ ಬಂದವು. ನನ್ನನ್ನು ಕೆಡಿಸಿದ್ದು 'ಅಷ್ಟೇಯ' ಅನ್ನುವ ಮಾತು. ಎರಡು ನಿಮಿಷದ ಕೆಲಸ ಎಂದು ನಾನೂ ನಂಬಿದೆ. "ನೀನು ಮಲಗು, ಬಂದೆ" ಎಂದು ಹೆಂಡತಿಗೆ ಹೇಳಿ ಲ್ಯಾಪ್‌ಟಾಪ್ ತೆರೆದೆ.

ಶಿಫ್ಟ್, ಕಂಟ್ರೋಲ್, ಡಿ ಒತ್ತಿದರೆ ಪೇಜಿನ ಜಾತಕ ತೆರೆದುಕೊಳ್ಳುತ್ತದೆ. ಅಲ್ಲಿ ನಿಂತ ಹಾಳೆಯದೊಂದು, ಮಲಗಿದ ಹಾಳೆಯದೊಂದು ಪುಟ್ಟ ಗುರುತು. ಮಲಗಿದ್ದರ ಮೇಲೆ ಒತ್ತಿದೆ.

ಹಾಳೆ ಮಲಗಿತು. ಹಾಳೆ ಮಾತ್ರ.

ಗಣಪತಿ, ಮದುಮಕ್ಕಳು, ಔತಣ, ನೆಂಟರಿಷ್ಟರು ಎಲ್ಲರೂ ಇದ್ದಲ್ಲೇ ಇದ್ದರು, ನಿಂತ ಹಾಗೇ ನಿಂತಿದ್ದರು. ಮಗು ಚಾಪೆ ಮೇಲೆ ಮಲಗಿದೆ ಅಂದುಕೊಳ್ಳಿ. ನೀವು ಮೆಲ್ಲಗೆ ಚಾಪೆಯನ್ನಷ್ಟೇ ಅಡ್ಡಕ್ಕೆ ಎಳೆದರೆ ಮಗು ತಿರುಗುತ್ತದೆಯೇ? ಅದರ ಕಾಲು ನೆಲಕ್ಕೆ ಬೀಳುತ್ತದೆ, ಪಕ್ಕದಲ್ಲಿ ಚಾಪೆ ಖಾಲಿ ಬಿದ್ದಿರುತ್ತದೆ. ಇಲ್ಲಿ ಆದದ್ದೂ ಅದೇ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಎತ್ತರ. ತಿರುಗಿಸಿದ ಕೂಡಲೇ ಎತ್ತರದಲ್ಲಿ 87 ಮಿಲಿಮೀಟರ್ ಕಡಿಮೆಯಾಗಿ, ಹೆಸರುಗಳೆಲ್ಲ ಹಾಳೆಯಿಂದ ಆಚೆ ನೇತಾಡಿದವು. ಬಲಗಡೆ ಅದೇ 87 ಮಿಲಿಮೀಟರ್ ಅಗಲಕ್ಕೆ ಸುಣ್ಣ ಬಳಿಯದೆ ಬಿಟ್ಟ ಗೋಡೆಯ ಹಾಗೆ ಬೋಳು. ಕುಂಕುಮದ ಹಿನ್ನೆಲೆ ಕೂಡ ಅಲುಗಿರಲಿಲ್ಲ. ನಾನು ಅದನ್ನು ಹಾಳೆಯ ಬಣ್ಣ ಅಂದುಕೊಂಡಿದ್ದೆ, ಕಂಪ್ಯೂಟರಿನ ಕಣ್ಣಿಗೆ ಅದೂ ಚಾಪೆ ಮೇಲೆ ಮಲಗಿದ ಇನ್ನೊಂದು ಮಗು.

ಸರಿ, ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರಾಯಿತು ಎಂದು ಕಂಟ್ರೋಲ್ ಎ ಒತ್ತಿ, ಎಲ್ಲರನ್ನೂ ಹಿಡಿದು, ತೊಂಬತ್ತು ಡಿಗ್ರಿ ತಿರುಗಿಸುವ ಗುಂಡಿ ಒತ್ತಿದೆ. ಈಗ ನಿಜವಾಗಿ ಎಲ್ಲರೂ ಮಲಗಿದರು. ಗಣಪತಿಯಂತೂ ಶ್ರೀರಂಗಪಟ್ಟಣದ ರಂಗನಾಥಸ್ವಾಮಿಯ ಹಾಗೆ ಪವಡಿಸಿಬಿಟ್ಟ. ನೀರು ಕುಡಿಯಲು ಎದ್ದು ಬಂದ ಹೆಂಡತಿ ಪರದೆ ಕಡೆ ಕತ್ತು ವಾಲಿಸಿ ನೋಡಿ, "ಪಾಪ, ಮದುವೆ ಸುಸ್ತು. ಮಲಕ್ಕೊಳ್ಳಲಿ ಬಿಡಿ" ಎಂದು ಹೋದಳು.

ಕಂಟ್ರೋಲ್ ಝಡ್. ಎದ್ದರು.

ಆಮೇಲೆ ನೆನಪಾಯಿತು, ಚಿತ್ರಕ್ಕೆ ತಕ್ಕ ಹಾಗೆ ಪೇಜನ್ನು ತಾನೇ ಹೊಂದಿಸುವ ಒಂದು ಆಜ್ಞೆ ಇದೆ. ಆತುರದಿಂದ ಒತ್ತಿದೆ. ಹೊಂದಿಸಿತು. ಚಿತ್ರ ಉದ್ದಕ್ಕಿತ್ತು, ಹಾಗಾಗಿ ಪೇಜು ವಿಧೇಯತೆಯಿಂದ ಮತ್ತೆ ಎದ್ದು ನಿಂತಿತು. ಹತ್ತೂವರೆಗೆ ಎಲ್ಲಿದ್ದೆನೋ ಹನ್ನೆರಡಕ್ಕೂ ಅಲ್ಲೇ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವರ ಜೊತೆ ಜಗಳ ಆಡುವುದೂ ಕಷ್ಟ.

ಕೊನೆಗೆ ಹಾಳೆಯನ್ನು ಮಲಗಿಸಿ ಒಂದೊಂದನ್ನೇ ಕೈಯಿಂದ ಎತ್ತಿ ಕೂರಿಸಿದೆ. ಗಣಪತಿ ಎಡ ಮೂಲೆಗೆ. ಫೋಟೋ ಅದರ ಪಕ್ಕಕ್ಕೆ. ಹೆಸರುಗಳು ಬಲಗಡೆಯ ಬೋಳು ಜಾಗಕ್ಕೆ. ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆ ನಾಲ್ಕು ಜನ ಹೆಚ್ಚಿಗೆ ಬಂದರೆ ಒತ್ತರಿಸಿ ಕೂರಿಸುತ್ತೇವಲ್ಲ, ಹಾಗೆ. ಹಿನ್ನೆಲೆಯ ಕೆಂಪನ್ನು ಎಲ್ಲೂ ಬಿಳಿ ಇಣುಕಬಾರದು ಎಂದು ನಾಲ್ಕೂ ಕಡೆ ಧಾರಾಳವಾಗಿ ಎಳೆದುಬಿಟ್ಟೆ. ಪೇಜಿನ ಅಂಚಿನ ಸಣ್ಣ ಗೆರೆ ಆ ಕೆಂಪಿನಲ್ಲಿ ನನ್ನ ನಿದ್ದೆಗಣ್ಣಿಗೆ ಬೀಳಲಿಲ್ಲ. ದೊಡ್ಡ ಭಾವನ ಪ್ರತ್ಯೇಕ ಸಾಲು ಕೆಳಗೆ, ಕೆಂಪಿನ ಮೇಲೆ, ದಪ್ಪಕ್ಷರದಲ್ಲಿ ಲಕ್ಷಣವಾಗಿ ಕೂತಿತ್ತು. ಅಂಗಡಿಯ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರದೆ ಒತ್ತಕ್ಷರಗಳು ಕಳಚಿಕೊಂಡರೆ ಎಂಬ ಭಯಕ್ಕೆ ಅಕ್ಷರಗಳನ್ನೆಲ್ಲ ಗೆರೆಗಳಾಗಿ ಮಾರ್ಪಡಿಸಿದೆ. ಅಷ್ಟು ಜಾಣತನ ಇತ್ತು. ಒಂದು ಗಂಟೆ ಹತ್ತು ನಿಮಿಷಕ್ಕೆ ಪಿಡಿಎಫ್ ಮಾಡಿ ಅಂಗಡಿಗೆ ಕಳಿಸಿ, ನೆಮ್ಮದಿಯಾಗಿ ಮಲಗಿದೆ. ಅಡ್ಡಕ್ಕೆ.

ಮಂಗಳವಾರ ಬೆಳಿಗ್ಗೆ ಆಫೀಸಿನಲ್ಲಿ ಅರ್ಜೆಂಟ್ ಲೆಕ್ಕ ನೋಡುತ್ತಿದ್ದಾಗ ಪೇಟೆ ಬೀದಿಯ ಅಂಗಡಿ ಹುಡುಗನ ಫೋನು.

"ಸಾ, ನೀವು ಕಳ್ಸಿರೋದು ಎ4 ಸೈಜು. ಬ್ಯಾನರ್ ಆರು ಮೂರು. ಎಳೀಲಾ ಸಾ?"

"ಎಳಿಯಪ್ಪಾ."

"ಎಳೀಲಾ?"

ಎರಡನೇ ಸಲ ಯಾಕೆ ಕೇಳಿದ ಎಂದು ನಾನು ಯೋಚಿಸಬೇಕಿತ್ತು. ವೆಕ್ಟರ್ ಅಲ್ಲವೇ, ಎಷ್ಟು ಎಳೆದರೂ ಹರಿಯುವುದಿಲ್ಲ ಎಂಬ ಹೆಮ್ಮೆಯಲ್ಲಿ "ಹೂಂ, ಎಳಿ" ಅಂದೆ.

ಆಮೇಲೆ ಕೂತು ಲೆಕ್ಕ ಹಾಕಿದ್ದೇನೆ. ಎ4 ಮಲಗಿದಾಗ ಅದರ ಅಗಲ ಎತ್ತರದ ಒಂದು ಪಾಯಿಂಟ್ ನಾಲ್ಕು ಒಂದರಷ್ಟು, ಅಂದರೆ ಎರಡರ ವರ್ಗಮೂಲ. ಮಧ್ಯಕ್ಕೆ ಕತ್ತರಿಸಿದರೂ ಅದೇ ಆಕಾರ ಉಳಿಯಲಿ ಎಂದು ಯೋಚಿಸಿಯೇ ಮಾಡಿದ ಅಳತೆ ಅದು. ಆರು ಮೂರಕ್ಕೆ ಅಗಲ ಎತ್ತರದ ಎರಡರಷ್ಟು. ಮೂರಡಿ ಎತ್ತರಕ್ಕೆ ಸರಿಯಾಗಿ ಹಿಗ್ಗಿಸಿದರೆ ಅಗಲ ನಾಲ್ಕೂಕಾಲು ಅಡಿಗೇ ಮುಗಿಯುತ್ತದೆ, ಒಂದೂ ಮುಕ್ಕಾಲು ಅಡಿ ಬಟ್ಟೆ ಖಾಲಿ. ಆ ಖಾಲಿಯನ್ನು ತುಂಬಬೇಕೆಂದರೆ ಒಳಗಿರುವವರನ್ನೆಲ್ಲ ಅಗಲಕ್ಕೆ ಮಾತ್ರ ಎಳೆಯಬೇಕು. ಹುಡುಗ ಕೇಳಿದ್ದು ಅದಕ್ಕೇ. ನಾನು ಒಪ್ಪಿದ್ದು ಅದಕ್ಕೇ.

ಬುಧವಾರ ಹೋಗುವಷ್ಟರಲ್ಲಿ ಬ್ಯಾನರ್ ಶಾಮಿಯಾನದ ಬಾಗಿಲಿಗೆ ಏರಿತ್ತು. ದೂರದಿಂದಲೇ ಎದೆ ಧಸಕ್ಕೆಂದಿತು. ನಮ್ಮ ಹುಡುಗ ಕಡ್ಡಿಯ ಹಾಗಿರುವವನು. ಬ್ಯಾನರಿನಲ್ಲಿ ಅವನು ಅಗಲವಾಗಿ, ಕೆನ್ನೆ ತುಂಬಿಕೊಂಡು, ಹತ್ತು ಬೀಗರ ಊಟ ಮುಗಿಸಿ ಬಂದವನಂತಿದ್ದ. ಸೊಸೆಯ ಮುಖದ ಬಗ್ಗೆ ಹೇಳುವ ಧೈರ್ಯ ಇಲ್ಲ. ಗಣಪತಿಗೆ ಮಾತ್ರ ಏನೂ ವ್ಯತ್ಯಾಸ ಆಗಿರಲಿಲ್ಲ, ಇನ್ನೂ ಕಳೆ ಬಂದಿತ್ತು. ಅಕ್ಷರಗಳು ವೆಕ್ಟರ್ ಆದ್ದರಿಂದ ಚಾಕುವಿನಂತೆ ಚೂಪಾಗಿದ್ದವು. ಫೋಟೋ ವಾಟ್ಸಪ್‌ನಲ್ಲಿ ಬಂದದ್ದು, ಚುಕ್ಕೆಗಳದ್ದು. ಅದು ಅಷ್ಟಗಲ ಹಿಗ್ಗಿ ಅವರೆಕಾಳು ಹರಡಿದಂತೆ ಕಾಣುತ್ತಿತ್ತು.

ಬೀಗರ ಕಡೆಯ ಒಬ್ಬ ಅಜ್ಜಿ ಬ್ಯಾನರ್ ನೋಡಿ ಅಕ್ಕನಿಗೆ, "ಹುಡ್ಗ ಮೈ ಕೈ ತುಂಬ್ಕೊಂಡವ್ನೆ ಬುಡವ್ವ" ಎಂದು ಮೆಚ್ಚಿ ಒಳಗೆ ಹೋದರು. ಒಂದು ಗಂಡಾಂತರ ಕಳೆಯಿತು ಎಂದು ಉಸಿರು ಬಿಡುವಷ್ಟರಲ್ಲಿ ದೊಡ್ಡ ಭಾವ ಬಂದರು. ಕನ್ನಡಕ ಹಾಕಿಕೊಂಡು ಬ್ಯಾನರ್ ಮುಂದೆ ನಿಂತರು. ಉತ್ತರಪತ್ರಿಕೆ ತಿದ್ದುವವರ ಹಾಗೆ ಮೇಲಿನಿಂದ ಕೆಳಕ್ಕೆ ಓದಿದರು. ಮತ್ತೊಂದು ಸಲ ಓದಿದರು. ಬಗ್ಗಿ ಕೆಳಗಿನ ಅಂಚನ್ನು ನೋಡಿದರು, ಬಟ್ಟೆ ಮಡಚಿ ಹೊಲಿದಿದೆಯೇ ಎಂದು.

"ಏನಪ್ಪಾ, ಕಾರ್ಡಲ್ಲಿದ್ದೆ, ಇಲ್ಲಿಲ್ಲ."

ನಾನು ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದೆ. ಬಾಡೂಟಕ್ಕೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದ ಮನುಷ್ಯ ಬಹುಶಃ ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬನೇ. ಫೈಲು ತೆರೆದು ತೋರಿಸಿದೆ. "ನೋಡಿ ದೊಡ್ಡ ಭಾವ, ಇದೀರಿ. ದಪ್ಪಕ್ಷರದಲ್ಲಿದೀರಿ. ಪೇಜಿನ ಗೆರೆ ಇಲ್ಲಿಗೆ ಮುಗಿದಿದೆ, ನೀವು ಸ್ವಲ್ಪ ಕೆಳಗಡೆ ಬಂದಿದೀರಿ. ಪಿಡಿಎಫ್‌ಗೆ ಪೇಜಿನ ಒಳಗಿರೋದಷ್ಟೇ ಹೋಗುತ್ತೆ. ನಾನು ನಿಮ್ಮನ್ನ ತೆಗೆದಿಲ್ಲ."

ಅವರು ಪರದೆಯನ್ನು ಬಹಳ ಹೊತ್ತು ನೋಡಿದರು.

"ಅಂದ್ರೆ, ಎಲ್ಲರನ್ನೂ ಒಳಗೆ ಕೂರಿಸಿ ನನ್ನನ್ನ ಬಾಗಿಲಾಚೆ ನಿಲ್ಲಿಸಿದೀಯ."

ತಾಂತ್ರಿಕವಾಗಿ ಅದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಇವತ್ತಿನವರೆಗೆ ಕೇಳಿಲ್ಲ. ಭಾವ ಎಲ್ಲಿಂದಲೋ ಓಡಿ ಬಂದು, "ಅಣ್ಣ, ಕಂಪ್ಯೂಟರ್ ತಪ್ಪು ಕಣಣ್ಣ" ಎಂದು ಅವರನ್ನು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿ, ಬಡಿಸುವ ಹುಡುಗನ ಕಿವಿಯಲ್ಲಿ ಏನೋ ಉಸುರಿದರು. ಎರಡು ನಲ್ಲಿ ಮೂಳೆ ಬಿದ್ದವು. ಮೂರನೆಯದು ಬಿದ್ದಾಗ ದೊಡ್ಡ ಭಾವ ನನ್ನ ಕಡೆ ತಿರುಗಿ, "ಉಪ್ಪು ಸರಿಯಾಗಿದೆ, ಕೂತ್ಕೊಳಪ್ಪಾ" ಅಂದರು.

ವಾರದ ಮೇಲೆ ಬಾಕಿ ದುಡ್ಡು ಕೊಡಲು ಅಂಗಡಿಗೆ ಹೋದಾಗ ಹುಡುಗನನ್ನು ಕೇಳಿದೆ, ನಿಮ್ಮ ಕೋರೆಲ್ ಡ್ರಾ ತಂತ್ರಾಂಶದಲ್ಲಿ ಹೇಗೆ ಮಾಡ್ತೀರಿ ಎಂದು. ಏನನ್ನೂ ಹಿಡಿಯದೆ ಖಾಲಿ ಜಾಗಕ್ಕೆ ಒಂದು ಕ್ಲಿಕ್ ಮಾಡಿ, ಮೇಲಿನ ಪಟ್ಟಿಯಲ್ಲಿದ್ದ ಎರಡು ಪುಟ್ಟ ಹಾಳೆಗಳನ್ನು ತೋರಿಸಿದ. ಒಂದು ನಿಂತದ್ದು, ಒಂದು ಮಲಗಿದ್ದು. ಒತ್ತಿದ. ಅಲ್ಲೂ ಹಾಳೆ ಮಲಗಿತು, ಮೇಲಿದ್ದ ಯಾರದೋ ಗೃಹಪ್ರವೇಶ ನಿಂತೇ ಇತ್ತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

"ತಿರುಗ್ಸೋ ಪ್ರಮೇಯನೇ ಬರಬಾರ್ದು ಸಾ. ಮೊದ್ಲು ಸೈಜ್ ಕೇಳಿ, ಆರು ಮೂರು ಅಂದ್ರೆ ಎಪ್ಪತ್ತೆರಡಕ್ಕೆ ಮೂವತ್ತಾರು ಇಂಚು ಪೇಜ್ ಹಾಕ್ಕೊಂಡು, ಆಮೇಲೆ ಗಣಪತಿ ಕೂರ್ಸೋದು. ಮನೆ ಕಟ್ಟಿ ಆದ್ಮೇಲೆ ಸೈಟ್ ತಿರುಗಿಸ್ತೀರಾ?"

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಗಟ್ಟಿ ಬಟ್ಟೆ, ಬಿಸಾಡಲು ಅಕ್ಕನಿಗೆ ಮನಸ್ಸಿಲ್ಲ. ಗಣಪತಿ ಇದ್ದ ಮೂಲೆಯನ್ನು ಜೋಪಾನವಾಗಿ ಕತ್ತರಿಸಿ ದೇವರ ಮನೆಯಲ್ಲಿಟ್ಟು, ಉಳಿದದ್ದನ್ನು ಗದ್ದೆಯ ಪಂಪ್‌ಸೆಟ್ ಮನೆ ಬಾಗಿಲಿಗೆ ಪರದೆಯಾಗಿ ಇಳಿಬಿಟ್ಟಿದ್ದಾಳೆ. ಬಾಗಿಲು ಉದ್ದಕ್ಕಿರುವುದರಿಂದ ಬಟ್ಟೆಯನ್ನು ತಿರುಗಿಸಿ ಕಟ್ಟಿದ್ದಾಳೆ. ಒಂದೇ ಸಲಕ್ಕೆ ತಿರುಗಿದೆ. ಬಟ್ಟೆಯ ಜೊತೆ ಮದುಮಕ್ಕಳೂ, ಔತಣವೂ, ನೆಂಟರೂ, ಒಬ್ಬರೂ ಆಚೆ ಉಳಿಯದ ಹಾಗೆ ತಿರುಗಿ, ನಾಲೆಯ ಗಾಳಿಗೆ ಒಟ್ಟಿಗೇ ಮಲಗಿದ್ದಾರೆ.