ಅಲ್ಲಾಡಿದರಷ್ಟೇ ಬೆಳಕು

ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಗೆ ಸ್ಮಾರ್ಟ್ ದೀಪಗಳು ಬಂದಿವೆ. ಯಾವ ಕಚೇರಿ ಅಂತ ಮಾತ್ರ ಕೇಳಬೇಡಿ. ನನ್ನ ಪಹಣಿ ತಿದ್ದುಪಡಿ ಅರ್ಜಿ ಇನ್ನೂ ಅಲ್ಲೇ ಇದೆ.

ಗೋಡೆಯಲ್ಲಿದ್ದ ಸ್ವಿಚ್‌ಗಳನ್ನೆಲ್ಲ ಕಿತ್ತು ಹಾಕಿದ್ದಾರೆ. ಸೂರಿನಲ್ಲಿ ಬಿಳಿ ಗುಂಡಿಯಂಥ ಸೆನ್ಸರ್ ಕೂತಿದೆ. ಮನುಷ್ಯರ ಮೈಬಿಸಿ ಅಲ್ಲಿಂದಿಲ್ಲಿಗೆ ಸರಿದರೆ ಅದಕ್ಕೆ ಗೊತ್ತಾಗುತ್ತದೆ. ಕೂಡಲೇ ವೈರಿಲ್ಲದೆ ದೀಪಕ್ಕೆ ಹೇಳುತ್ತದೆ, ಆ ದೀಪ ಪಕ್ಕದ ದೀಪಕ್ಕೆ ದಾಟಿಸುತ್ತದೆ. ಇದಕ್ಕೆ ಜಿಗ್‌ಬೀ ಅಂತಾರೆ. ಒಂದು ಟೇಬಲಿನ ವಿಷಯ ಇನ್ನೊಂದು ಟೇಬಲಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪಿದ್ದು ಆ ಕಟ್ಟಡದಲ್ಲಿ ಇದೇ ಮೊದಲು.

ತೊಂದರೆ ಏನಪ್ಪಾ ಅಂದರೆ, ಅಲ್ಲಾಡದವರು ಈ ಸೆನ್ಸರಿನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹತ್ತೂವರೆಗೆ ಎಲ್ಲರೂ ಬಂದು ಕೂರುತ್ತಾರೆ. ಹತ್ತು ಮುಕ್ಕಾಲಿಗೆ ಕತ್ತಲು. ಸೆನ್ಸರ್ ಸುಳ್ಳು ಹೇಳುತ್ತಿದೆ ಅಂತ ಕಂಪನಿಯವರನ್ನು ಕರೆಸಿದರು. ಅವರು ನೋಡಿ, "ಸೆನ್ಸರ್ ಸರಿಯಾಗೇ ಇದೆ ಸಾರ್" ಎಂದು ತಲೆ ತಗ್ಗಿಸಿ ಹೋದರು.

ಈಗ ಅಟೆಂಡರ್‌ಗೆ ಹೊಸ ಡ್ಯೂಟಿ. ಕತ್ತಲಾದಾಗಲೆಲ್ಲ ನಡುಮನೆಯಲ್ಲಿ ನಿಂತು ಎರಡೂ ಕೈ ಬೀಸಬೇಕು. ಅವರು ಟೀ ತರಲು ಹೋದರೆ ಆ ಕೆಲಸ ನಮ್ಮದು. "ಯಜಮಾನ್ರೇ, ಹೆಂಗೂ ಕಾಯ್ತಾ ಇದೀರಲ್ಲ, ಸ್ವಲ್ಪ ಓಡಾಡ್ರಿ" ಎನ್ನುತ್ತಾರೆ. ತೀರ್ಥಹಳ್ಳಿಯಿಂದ ಬಂದಿದ್ದ ಅಜ್ಜರೊಬ್ಬರು ಕೊಡೆ ಊರಿಕೊಂಡು ಕೋಣೆ ಸುತ್ತಿದ್ದೇ ಸುತ್ತಿದ್ದು. ಕಚೇರಿ ಬೆಳಗಿತು, ಸಹಿ ಆಗಲಿಲ್ಲ.

ಕಿಟಕಿ ಪಕ್ಕ ಇನ್ನೊಂದು ಸೆನ್ಸರ್ ಇದೆ. ಹೊರಗಿನ ಬೆಳಕು ಜಾಸ್ತಿ ಇದ್ದರೆ ಅದು ದೀಪವನ್ನು ಮಂಕು ಮಾಡಬೇಕು. ಒಳ್ಳೆಯ ಉಪಾಯವೇ. ಆದರೆ ಕಿಟಕಿಗೆ ಅಡ್ಡಲಾಗಿ ಬೀರು, ಬೀರುವಿನ ಮೇಲೆ ಸೂರು ಮುಟ್ಟುವಷ್ಟು ಕೆಂಪು ಬಟ್ಟೆಯ ಕಡತದ ಗಂಟು. ಏಪ್ರಿಲ್ ತಿಂಗಳ ರಣಬಿಸಿಲಲ್ಲೂ ಆ ಸೆನ್ಸರಿಗೆ ಆಷಾಢದ ಮಳೆಗಾಲವೇ. ಬೀರು ಸರಿಸಿದರೆ ದೀಪವೇ ಬೇಡ. ಆದರೆ ಬೀರು ಸರಿಸುವುದಕ್ಕೆ ಅನುದಾನ ಇಲ್ಲ.

ಆ ಗಂಟುಗಳಲ್ಲಿ ಏನಿದೆ ಅಂತ ಕೇಳಿದೆ. ಶರಾವತಿ ಮುಳುಗಡೆಯವರ ಹಕ್ಕುಪತ್ರದ ಕಡತಗಳಂತೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ನಾಡಿಗೆಲ್ಲ ಕರೆಂಟು ಸಿಗಲಿ ಅಂತ ಮನೆ ಗದ್ದೆ ಬಿಟ್ಟು ಎದ್ದವರ ಕಾಗದ ಇಲ್ಲಿ ಕಿಟಕಿಗೆ ಅಡ್ಡ ಕೂತಿದೆ. ಅದರಿಂದ ಆದ ಕತ್ತಲನ್ನು ಓಡಿಸಲು ಅದೇ ಕರೆಂಟು ಉರಿಯುತ್ತಿದೆ. ಇದು ಯಾವ ಆ್ಯಪ್‌ನಲ್ಲೂ ಕಾಣುವುದಿಲ್ಲ ಬಿಡಿ.

ಮಳೆಗಾಲದ ರಾತ್ರಿ ಇನ್ನೊಂದು ಕಥೆ. ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗಿ ಬಂದರೆ ಈ ದೀಪಗಳಿಗೆ ಹೇಳಿದ್ದೆಲ್ಲ ಮರೆತುಹೋಗುತ್ತದೆ. ಖಾಲಿ ಕಚೇರಿ ಬೆಳಗಿನವರೆಗೂ ಜಗಮಗ. ಆರಿಸೋಣ ಅಂದರೆ ವಾಚ್‌ಮನ್‌ಗೆ ಸ್ವಿಚ್ ಇಲ್ಲ. ಆ್ಯಪ್ ಇದ್ದಿದ್ದು ಸಾಹೇಬರ ಮೊಬೈಲಿನಲ್ಲಿ, ಸಾಹೇಬರಿಗೆ ಟ್ರಾನ್ಸ್‌ಫರ್ ಆಗಿದೆ.

ಗೇಟಿನ ಹತ್ತಿರ ದೊಡ್ಡ ಫ್ಲೆಕ್ಸ್ ಇದೆ: 'ಇಂಧನ ಉಳಿಸಿ, ನಾಡು ಬೆಳಗಿಸಿ'. ಅದರ ಮೇಲೆ 100 ವ್ಯಾಟ್‌ನ ಎರಡು ಫೋಕಸ್ ಲೈಟ್. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಉರಿದರೆ 2.4 ಯೂನಿಟ್. ಒಳಗಿರುವುದು 20 ವ್ಯಾಟ್‌ನ 12 ಎಲ್‌ಇಡಿ ಟ್ಯೂಬ್. ದಿನಕ್ಕೆ ಎಂಟು ಗಂಟೆ ಒಂದನ್ನೂ ಆರಿಸದೆ ಉರಿಸಿದರೂ ಎರಡು ಯೂನಿಟ್ ದಾಟುವುದಿಲ್ಲ. ಫ್ಲೆಕ್ಸಿಗೆ ಸೆನ್ಸರ್ ಹಾಕಿಲ್ಲ. ಅದರಲ್ಲಿ ನಾಯಕರ ಫೋಟೋ ಇದೆಯಲ್ವಾ, ಅವರೂ ಅಲ್ಲಾಡುವುದಿಲ್ಲ.

ಎರಡನೇ ಹಂತಕ್ಕೆ ಟೆಂಡರ್ ಕರೆಯುತ್ತಾರಂತೆ. ಈ ಸಲ ರೇಡಾರ್ ಸೆನ್ಸರ್. ಕೈಕಾಲು ಆಡಿಸುವುದೂ ಬೇಕಿಲ್ಲ, ಉಸಿರಾಡಿದರೆ ಎದೆ ಏರಿಳಿಯುತ್ತದಲ್ಲ, ಅಷ್ಟನ್ನೂ ಹಿಡಿಯುತ್ತದೆ. ಸಿಬ್ಬಂದಿ ಸಭೆ ಸೇರಿ ಚರ್ಚಿಸಿ, ಅಷ್ಟು ಕೆಲಸ ಮಾಡಬಹುದು ಎಂದು ಒಪ್ಪಿದ್ದಾರೆ. ಊಟದ ಹೊತ್ತು ಬಿಟ್ಟು.