ಸತ್ಯಾಂಶ: ಲ್ಯಾಬ್ ಮೆಟ್ಟಿಲು ಹತ್ತದೆ ಜೀವರಸಾಯನಶಾಸ್ತ್ರದ ಪಿಎಚ್‌ಡಿ?

ಪ್ರವೇಶ ಪರೀಕ್ಷೆ ಬೇಡ, ಲ್ಯಾಬ್ ಬೇಡ, ಒಂದೇ ವರ್ಷದಲ್ಲಿ ಆನ್‌ಲೈನ್ ಪಿಎಚ್‌ಡಿ: ದಾವಣಗೆರೆ, ಚಿತ್ರದುರ್ಗದ ಎಂಎಸ್ಸಿ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಸಂದೇಶದ ಸಾರ ಇದು. ನಿಜವಲ್ಲ. ದೇಶದ ವಿಶ್ವವಿದ್ಯಾಲಯಗಳಿಗೆ ಅನ್ವಯಿಸುವ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮಾವಳಿಯಂತೆ ಕೋರ್ಸ್‌ವರ್ಕ್ (ಸಂಶೋಧನೆಗೆ ಸಿದ್ಧಗೊಳಿಸುವ ಪಾಠಗಳು) ಸೇರಿ ಕನಿಷ್ಠ 3 ವರ್ಷ ಬೇಕು. ದೂರಶಿಕ್ಷಣ, ಆನ್‌ಲೈನ್ ಪಿಎಚ್‌ಡಿಗೆ ಅವಕಾಶವಿಲ್ಲ.

ನಿಯಮ ಹಾಗಿರಲಿ, ಜೀವರಸಾಯನಶಾಸ್ತ್ರಕ್ಕೇ ಲ್ಯಾಬ್ ಇಲ್ಲದ ಪಿಎಚ್‌ಡಿ ಒಗ್ಗದು. ಒಂದು ಪ್ರೋಟೀನಿನ ಅಧ್ಯಯನಕ್ಕೆ ಅದರ ಜೀನನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಕ್ಕೆ ಸೇರಿಸಿ, ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಪ್ರೋಟೀನನ್ನು ಶುದ್ಧೀಕರಿಸಿ, ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿ ನೋಡಬೇಕು. ಜೆಲ್‌ನಲ್ಲಿ ನಿರೀಕ್ಷಿಸಿದ ಗೆರೆ (ಬ್ಯಾಂಡ್) ಕಾಣದಿದ್ದರೆ ಮತ್ತೆ ಮೊದಲಿಂದ. ಕಂಡರೂ ಮೂರು ಸಲವಾದರೂ ಪ್ರಯೋಗ ಮಾಡಿ ಖಚಿತಪಡಿಸಿಕೊಳ್ಳುವುದು ರೂಢಿ. ವರ್ಷಗಳು ಹಿಡಿಯುವುದು ಇಲ್ಲೇ.

ನೌಕರಿ ಬಿಡಲಾಗದವರಿಗೆ ಇಂಥ ಸಂದೇಶ ಆಸೆ ಹುಟ್ಟಿಸುವುದು ಸಹಜ. ಅವರಿಗೆ ಅರೆಕಾಲಿಕ ಪಿಎಚ್‌ಡಿ ಇದೆ. ಕೆಲಸ ಕೊಟ್ಟವರ ನಿರಾಕ್ಷೇಪಣಾ ಪತ್ರ ಬೇಕು, ಪ್ರವೇಶ ಪ್ರಕ್ರಿಯೆ ಮಾತ್ರ ತಪ್ಪದು.

ಸಂದೇಶದ ಲಿಂಕ್ ಒತ್ತುವ ಮೊದಲು ವಿಶ್ವವಿದ್ಯಾಲಯದ ಸ್ವಂತ ಜಾಲತಾಣದಲ್ಲಿ ಪ್ರವೇಶ ಅಧಿಸೂಚನೆ ಹುಡುಕಿ. ಮಾರ್ಗದರ್ಶಕರ ಹೆಸರು ವಿಭಾಗದ ಪುಟದಲ್ಲಿದೆಯೇ ನೋಡಿ. ಆ ವಿಭಾಗದಿಂದ ಬಂದ ಪಿಎಚ್‌ಡಿ ಪ್ರಬಂಧಗಳನ್ನು ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರದಲ್ಲಿ ಉಚಿತವಾಗಿ ಹುಡುಕಬಹುದು. ದಾವಣಗೆರೆಯವರಾದರೆ ದಾವಣಗೆರೆ ವಿಶ್ವವಿದ್ಯಾಲಯದ ಆವರಣವಾದ ಶಿವಗಂಗೋತ್ರಿಗೇ ಹೋಗಿ ವಿಭಾಗದಲ್ಲಿ ವಿಚಾರಿಸಿದರಾಯಿತು.