ಪ್ರಳಯಾನಂತರದ ಕಚೇರಿ ವೇಳೆ: 8ರಿಂದ 1.30

ಬಂತಲ್ಲ, ಈ ಸಲದ ಬಿಸಿಲ ಪ್ರಕಟಣೆ! ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಬರಬೇಡಿ, ಧಾರಾಳ ನೀರು ಕುಡಿಯಿರಿ. ಎಂಥ ಕಾಳಜಿ! ಆ ನೀರು ಎಲ್ಲಿದೆ ಅಂತ ಮಾತ್ರ ಕೇಳಬಾರದು. ಕುಡಿಯಿರಿ ಅನ್ನುವ ಇಲಾಖೆ ಬೇರೆ, ನಳಕ್ಕೆ ನೀರು ಬಿಡುವವರು ಬೇರೆ.

ಜಗತ್ತು ಹಾಳಾದ ಮೇಲಿನ ಕಥೆ ತೆಗೆಯುವ ವೈಜ್ಞಾನಿಕ ಸಿನಿಮಾದವರು ಶೂಟಿಂಗಿಗೆ ಮೊದಲು ಮೇ ತಿಂಗಳಲ್ಲಿ ಯಾದಗಿರಿ ಬಸ್ ಸ್ಟ್ಯಾಂಡಿನಲ್ಲಿ ಕೂರಬೇಕು. ಮರುಭೂಮಿಯಲ್ಲಿ ತಪ್ಪಿಸಿಕೊಂಡು ಓಡುವ ನಾಯಕನಿಗೆ ಕರಿ ತೊಗಲಿನ ಜಾಕೆಟ್ ತೊಡಿಸುತ್ತಾರಲ್ಲ! 43 ಡಿಗ್ರಿಯಲ್ಲಿ ದುಡಿಯುವ ಮೈಯಿಂದ ತಾಸಿಗೆ ಲೀಟರಿನಷ್ಟು ಬೆವರು ಹೋಗುತ್ತದೆ. ಅದು ಆರಿದರಷ್ಟೇ ಮೈ ತಂಪು, ತೊಗಲಿನೊಳಗೆ ಆರುವುದಿಲ್ಲ. ಖಳನಾಯಕ ಬೆನ್ನಟ್ಟುವುದೇ ಬೇಡ, ಎರಡನೇ ರೀಲಿಗೆ ಇವನೇ ಬೀಳುತ್ತಾನೆ. ಬಿಳಿ ಧೋತರ, ತಲೆಗೆ ರುಮಾಲು ಯಾವ ಕಾಸ್ಟ್ಯೂಮ್ ಡಿಸೈನರಿಗೂ ಹೊಳೆದಿಲ್ಲ.

ಆಮೇಲೆ ಆ ಸಿನಿಮಾಗಳ ಬಂಕರ್, ಅಂದರೆ ನೆಲದಡಿಯ ಅಡಗುತಾಣ. ಉಕ್ಕಿನ ಬಾಗಿಲು, ಕಿಟಕಿಯೇ ಇಲ್ಲ. ಕಲಬುರಗಿಯವರು ಅದರೊಳಗೆ ಮೊದಲು ಕೂಲರ್ ಇಡುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು. ಕೂಲರ್ ತಂಪು ಕೊಡುವುದು ಒಣ ಗಾಳಿಯಲ್ಲಿ. ಕಿಟಕಿಗೆ ಇಟ್ಟು ಎದುರಿನ ಬಾಗಿಲು ತೆರೆದಿಡಬೇಕು. ಮುಚ್ಚಿದ ಕೋಣೆಯಲ್ಲಿ ತೇವ ತುಂಬಿ ಇಡ್ಲಿ ಪಾತ್ರೆಯೊಳಗೆ ಕೂತಂತೆ. 50 ಲೀಟರಿನ ತೊಟ್ಟಿ ಸಂಜೆಯೊಳಗೆ ಖಾಲಿ. ಬೋರಿನ ಗಡಸು ನೀರು ಹಾಕಿದರೆ ಕೂಲರಿನ ಹುಲ್ಲಿಗೆ ಬಿಳಿ ಉಪ್ಪು ಕಟ್ಟಿ ಗಾಳಿ ಹಾಯುವುದಿಲ್ಲ. ಸಿಹಿನೀರು ಹಾಕೋಣವೇ? ಅದು ಕುಡಿಯಲಿಕ್ಕೆ. ಕುಡಿಯಲಿಕ್ಕೆ ಎಲ್ಲಿದೆ? ಪ್ರಕಟಣೆಯಲ್ಲಿದೆ.

ನೆಲದಡಿಯ ಜಾಣತನ ನೋಡಬೇಕಿದ್ದರೆ ಬೀದರಿನ ನೌಬಾದಿಗೆ ಹೋಗಿ. ಬಹಮನಿ ಕಾಲದ ಕರೇಜ್: ಅಂತರ್ಜಲ ಹಿಡಿದು ತರುವ ಸುರಂಗ, ಗಾಳಿಗೆ ಮತ್ತು ಹೂಳೆತ್ತಲಿಕ್ಕೆ ಅಲ್ಲಲ್ಲಿ ಬಾವಿಯಂಥ ಕಿಂಡಿ, ನೀರು ನೆಲ ಕೊರೆಯದೆ ತಾನೇ ಹರಿಯುವಷ್ಟೇ ಇಳಿಜಾರು. ಮೋಟರಿಲ್ಲ, ಕರೆಂಟ್ ಬಿಲ್ಲಿಲ್ಲ, ಬಿಸಿಲಿಗೆ ಆವಿಯಾಗುವ ಭಯವಿಲ್ಲ. ಕಿಂಡಿಗಳಲ್ಲಿ ಹೂಳು ತುಂಬಿ, ಸುತ್ತ ಕಟ್ಟಡ ಎದ್ದ ಮೇಲೆ ನಮಗೆ ಅದು ಪರಂಪರೆ ಅಂತ ನೆನಪಾಯಿತು.

ಇರಲಿ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಒಳ್ಳೆಯ ಆದೇಶ, ಕೊಂಕಿಲ್ಲ. ಅದೇ ಕಚೇರಿ ಮುಂದಿನ ರಸ್ತೆಗೆ 2 ಗಂಟೆಗೆ ಡಾಂಬರು ಹಾಸುವ ಹೆಣ್ಣುಮಗಳಿಗೆ ಯಾವ ಆದೇಶ? ಆ ಮಿಶ್ರಣವೇ 120 ಡಿಗ್ರಿಗಿಂತ ಮೇಲಿರುತ್ತದೆ, ಕಾಲಲ್ಲಿ ಹವಾಯಿ ಚಪ್ಪಲಿ. ಆಕೆ ಗುತ್ತಿಗೆದಾರನ ಕೂಲಿಯಂತೆ, ಆದೇಶದ ಪ್ರತಿ ಅಲ್ಲಿಗೆ ಹೋಗುವುದಿಲ್ಲವಂತೆ. ಮುಂಜಾನೆ 6ಕ್ಕೆ ಕೆಲಸ ಶುರು, ನೆರಳಿಗೆ ಒಂದು ತಾಡಪತ್ರಿ, ಒಂದು ಡ್ರಮ್ ಕುಡಿಯುವ ನೀರು. ಇಷ್ಟನ್ನು ಟೆಂಡರಿನಲ್ಲಿ ಬರೆಯಲಿಕ್ಕೆ ಏನು ರೋಗ?